ಪದದೋಷದ ಭಾರ

ಒಬ್ಬನು ಒಂದು ಮಾತನ್ನು ಆಡಿಬಿಡುತ್ತಾನೆ. ಅದನ್ನು ಮತ್ತೊಬ್ಬನು ಬೀದಿಯಲ್ಲಿ ಎತ್ತಿಕೊಂಡು ಮೂರನೆಯವನ ಮೋರೆಗೆ ಎಸೆಯುತ್ತಾನೆ. ಪೆಟ್ಟು ತಿಂದವನು ಯಾರನ್ನು ಕೇಳಬೇಕು? ಆಡಿದವನನ್ನೋ ಎಸೆದವನನ್ನೋ? ಆಡಿದವನೂ ಪೆಟ್ಟು ತಿಂದವನ ಕುಲದವನೇ ಆಗಿದ್ದರೆ, ಆ ಮಾತಿನಿಂದಲೇ ಅವನ ಜೀವನ ನಡೆಯುತ್ತಿದ್ದರೆ, ಮತ್ತು ಅದೇ ಮಾತು ಅವನ ಬಂಧುಗಳಿಗೆ ಅಲ್ಲಿಯವರೆಗೆ ಮುಚ್ಚಿದ್ದ ಬಾಗಿಲೊಂದನ್ನು ತೆರೆದುಕೊಟ್ಟಿದ್ದರೆ, ಆಗ ನ್ಯಾಯವನ್ನು ಯಾವ ರೀತಿಯಲ್ಲಿ ಹೇಳಬೇಕು? ಧರ್ಮಶಾಸ್ತ್ರದ ಗ್ರಂಥಗಳಲ್ಲಿ ವಾಕ್ಪಾರುಷ್ಯವೆಂಬ ವಿವಾದಪದವೊಂದುಂಟು. ಅಲ್ಲಿ ಬೈದವನು ಯಾರು, ಬೈಸಿಕೊಂಡವನು ಯಾರು ಎಂಬುದು ಸ್ಪಷ್ಟವಾಗಿರುತ್ತದೆ. ಲೋಕದಲ್ಲಿ ಅಷ್ಟು ಸ್ಪಷ್ಟವಾಗಿರುವುದಿಲ್ಲ.

ಈ ಪ್ರಶ್ನೆಯು ನನ್ನನ್ನು ಬಹುದಿನದಿಂದ ಹಿಡಿದುಕೊಂಡಿರುವುದು ಅಮೆರಿಕಾ ದೇಶದ ಹಾಡುಗಾರನೊಬ್ಬನ ಚರಿತ್ರೆಯಿಂದ. ಅವನ ಹೆಸರು ಅರ್ನೆಸ್ಟ್ ಹೋಗನ್. ಅಲಂಕಾರಶಾಸ್ತ್ರ ಓದಿಕೊಂಡ ಮುದುಕನಿಗೆ ದೂರದೇಶದ ವಿದೂಷಕನ ಗೊಡವೆ ಏಕೆಂದು ಕೆಲವರು ನಗಬಹುದು. ನಗಲಿ. ಪಾಠಶಾಲೆಯಲ್ಲಿ ಕಲಿತದ್ದು ಇಂತಹ ಸ್ಥಳದಲ್ಲಿ ಉಪಯೋಗಕ್ಕೆ ಬಾರದಿದ್ದರೆ ಮತ್ತೆಲ್ಲಿ ಬಂದೀತು?

ಹೋಗನ್ ಹುಟ್ಟಿದ್ದು 1865ರಲ್ಲಿ, ಕೆಂಟಕಿ ಸಂಸ್ಥಾನದ ಬೌಲಿಂಗ್ ಗ್ರೀನ್ ಎಂಬ ಊರಿನಲ್ಲಿ. ಆ ದೇಶದಲ್ಲಿ ದಾಸ್ಯಪದ್ಧತಿಯು ಶಾಸನದಿಂದ ರದ್ದಾದದ್ದೂ ಅದೇ ವರ್ಷದ ಕೊನೆಯಲ್ಲಿ. ತಾಯಿತಂದೆಗಳ ಕಡೆಯಿಂದ ಬಂದ ಮನೆತನದ ಹೆಸರು ಕ್ರೌಡಸ್. ಆಗ ರಂಗಭೂಮಿಯ ಮೇಲೆ ಐರ್ಲೆಂಡಿನ ಹಾಸ್ಯಗಾರರಿಗೆ ಬಹಳ ಬೆಲೆಯಿದ್ದುದರಿಂದ ಅವರ ಹೆಸರುಗಳಲ್ಲೊಂದಾದ ಹೋಗನ್ ಎಂಬುದನ್ನು ಆತನು ಧರಿಸಿಕೊಂಡನು. ಹೀಗೆ ಅವನ ಕಸುಬಿನ ಪ್ರಾರಂಭದಲ್ಲಿಯೇ ಒಂದು ಪದದ ಬದಲಾವಣೆಯಿದೆ. ಪೇಟೆಯು ಯಾವ ಹೆಸರನ್ನು ಕೊಳ್ಳುತ್ತದೆಯೋ ಆ ಹೆಸರು.

ಬಾಲ್ಯದಿಂದಲೇ ಅವನು ಊರೂರು ತಿರುಗುವ ನಾಟಕಮಂಡಲಿಗಳಲ್ಲಿ ಬೆಳೆದನು. ಅಲ್ಲಿ 'ಮಿನ್‌ಸ್ಟ್ರೆಲ್' ಎಂಬ ಒಂದು ಬಗೆಯ ಆಟವಿತ್ತು. 1830ರ ಸುಮಾರಿನಿಂದ ಬಿಳಿಯ ನಟರು ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ತುಟಿಗಳನ್ನು ದಪ್ಪಗೆ ತಿದ್ದಿಕೊಂಡು, ಕಪ್ಪು ಜನರ ನಡೆನುಡಿಗಳನ್ನು ಅಣಕಿಸಿ ಜನರನ್ನು ನಗಿಸುತ್ತಿದ್ದರು. ದಾಸ್ಯವು ಹೋದ ಮೇಲೆ ಕಪ್ಪು ಜನರಿಗೂ ರಂಗಸ್ಥಳವನ್ನೇರುವ ಅವಕಾಶ ದೊರೆಯಿತು. ಆದರೆ ಅವರಿಗೆಂದು ಕಾದಿದ್ದ ವೇಷವು ಅದೊಂದೇ. ಸ್ವಭಾವತಃ ಕಪ್ಪಾದ ಮುಖಕ್ಕೂ ಮಸಿಯನ್ನು ಬಳಿದುಕೊಂಡು, ತನ್ನನ್ನು ಅಣಕಿಸಿದವನನ್ನು ತಾನು ಅಣಕಿಸಿ ಹೊಟ್ಟೆ ಹೊರೆಯಬೇಕಾಗಿತ್ತು. ದಾಸ್ಯದ ನಂತರದ ಬಿಡುಗಡೆಯು ಎಂತಹುದಾಗಿತ್ತೆಂಬುದನ್ನು ತಿಳಿಯಬೇಕಾದವರು ಈ ಮಸಿಯ ಡಬ್ಬಿಯನ್ನು ನೋಡಿದರೆ ಸಾಕು.

ಇನ್ನು ಅವನ ಸಂಗೀತದ ವಿಷಯ. 'ರ್‍ಯಾಗ್‌ಟೈಮ್' ಎಂದು ಆ ಶೈಲಿಗೆ ಹೆಸರು. ಪಿಯಾನೋ ವಾದ್ಯದಲ್ಲಿ ಎಡಗೈಯು ತಾಳವನ್ನು ಗಡಿಯಾರದಂತೆ ಒಂದೇ ಸಮನೆ ಹಾಕುತ್ತಿರಲು ಬಲಗೈಯು ರಾಗದ ಒತ್ತುಗಳನ್ನು ತಾಳದ ಪೆಟ್ಟಿಗೆ ತುಸು ಮೊದಲು ಅಥವಾ ತುಸು ಅನಂತರ ಇಡುತ್ತದೆ. ಅತೀತ, ಅನಾಗತವೆಂಬ ಎಡುಪುಗಳನ್ನು ಬಲ್ಲ ನಮ್ಮವರಿಗೆ ಇದು ತಿಳಿಯುವುದು ಕಷ್ಟವಲ್ಲ. ಆದರೆ ಇಲ್ಲಿ ಅದು ಹಾಡಿನ ಪ್ರಾರಂಭದಲ್ಲಿ ಮಾತ್ರವಲ್ಲ, ಉದ್ದಕ್ಕೂ ಇರುತ್ತದೆ. ಮಗನು ಮೊದಲು ಕೇಳಿಸಿದಾಗ ತಾಳ ತಪ್ಪಿದ ವಾದನವೆಂದೇ ನಾನು ಭಾವಿಸಿದೆನು. ಎರಡನೆಯ ಸಲ ಕೇಳುವಾಗ ಕಾಲು ತಾನಾಗಿ ನೆಲವನ್ನು ತಟ್ಟುತ್ತಿತ್ತು. ಈ ಲಯವು ಕಪ್ಪು ಜನರ ಮೇಳಗಳಲ್ಲಿ, ಪಾನಗೃಹಗಳಲ್ಲಿ, ಅಚ್ಚಿನ ಮುಖವನ್ನೇ ಕಾಣದೆ ಬಹುಕಾಲದಿಂದ ಬೆಳೆದು ಬಂದದ್ದು. ಸ್ಕಾಟ್ ಜೋಪ್ಲಿನ್ ಎಂಬ ಪ್ರಸಿದ್ಧ ವಾಗ್ಗೇಯಕಾರನ 'ಮೇಪಲ್ ಲೀಫ್ ರ್‍ಯಾಗ್' ಹೊರಬಂದದ್ದು 1899ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ, 1896ರಲ್ಲಿ, ಹೋಗನ್‌ನ ಒಂದು ಹಾಡು ನ್ಯೂಯಾರ್ಕಿನ ವಿಟ್‌ಮಾರ್ಕ್ ಪ್ರಕಾಶಕರಿಂದ ಅಚ್ಚಾಗಿ ಹೊರಟಿತು. ಅದರ ಪಲ್ಲವಿಗೆ 'ರ್‍ಯಾಗ್' ರೀತಿಯ ಪಕ್ಕವಾದ್ಯದ ಸ್ವರಲಿಪಿಯನ್ನು ಪ್ರತ್ಯೇಕವಾಗಿ ಕೊಟ್ಟಿದ್ದರು. ಆ ಹೆಸರಿನಿಂದ ಆ ಲಯವನ್ನು ಮುದ್ರಿಸಿದ ಅತ್ಯಂತ ಹಳೆಯ ಕಾಗದಗಳಲ್ಲಿ ಅದೂ ಒಂದು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವೆಂದು ಹೇಳುತ್ತಾರೆ.

ಆ ಹಾಡಿನ ಹೆಸರನ್ನು ಹೇಳಲೇಬೇಕು. ಹೇಳದೆ ವಿಷಯವು ಮುಂದುವರಿಯದು. 'ಕೂನರೆಲ್ಲರೂ ನನ್ನ ಕಣ್ಣಿಗೆ ಒಂದೇ ತರಹ' ಎಂದು ಅದರ ಅರ್ಥ. 'ಕೂನ್' ಎಂದರೆ ರಕೂನ್ ಎಂಬ ಆ ನಾಡಿನ ರಾತ್ರಿಚರ ಮೃಗದ ಹೆಸರಿನ ತುಂಡು. ಕಪ್ಪು ಜನರನ್ನು ಹೀಯಾಳಿಸಲು ಬಳಸುತ್ತಿದ್ದ ಬೈಗುಳ. ಮನುಷ್ಯನನ್ನು ಮೃಗವೆಂದು ಕರೆದದ್ದು ಒಂದು ಅವಮಾನ. ಆ ಮೃಗಗಳಲ್ಲಿ ಒಂದನ್ನು ಇನ್ನೊಂದರಿಂದ ಗುರುತಿಸಲಾರೆನೆಂದದ್ದು ಎರಡನೆಯದು.

ಆದರೆ ಈ ಪದವು ಆ ಹಾಡಿಗೆ ಬಂದ ಬಗೆ ವಿಚಿತ್ರವಾಗಿದೆ. ಶಿಕಾಗೋ ನಗರದ ಪಾನಗೃಹವೊಂದರಲ್ಲಿ ಪಿಯಾನೋ ನುಡಿಸುವವನೊಬ್ಬನ ಬಾಯಿಂದ ಹೋಗನ್ ಈ ಪಲ್ಲವಿಯನ್ನು ಮೊದಲು ಕೇಳಿದನಂತೆ. ಅಲ್ಲಿ ಇದ್ದುದು 'ಕೂನರು' ಅಲ್ಲ, 'ತಲೆಹಿಡುಕರು'. ಸೂಳೆಯರ ದುಡಿಮೆಯಿಂದ ಬದುಕುವ ಗಂಡಸರೆಲ್ಲರೂ ಒಂದೇ ತರಹವೆಂದು ಹೇಳುವ ಹಾಡು ಅದು. ವಿಚಾರ ಮಾಡಿ ನೋಡಿದರೆ ಆ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಅಂತಹ ಪದವನ್ನು ಗೃಹಸ್ಥರ ಮನೆಯ ಪಿಯಾನೋದ ಮೇಲೆ ಇಡುವುದೆಂತು? ಆದುದರಿಂದ ಹೋಗನ್ ಆ ಪದವನ್ನು ತೆಗೆದು ಈ ಪದವನ್ನು ಹಾಕಿದನು. ಹಾಡು ಶುದ್ಧವಾಯಿತು! ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹಾಡುವಂತಾಯಿತು.

ಮಮ್ಮಟಾಚಾರ್ಯನು ಕಾವ್ಯದೋಷಗಳನ್ನು ಎಣಿಸುವಾಗ ಅಶ್ಲೀಲವನ್ನು ಮೂರು ವಿಧವಾಗಿ ವಿಭಾಗಿಸಿದ್ದಾನೆ: ನಾಚಿಕೆಯನ್ನು ಹುಟ್ಟಿಸುವುದು, ಜುಗುಪ್ಸೆಯನ್ನು ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ವಿದ್ಯಾರ್ಥಿಯಾಗಿದ್ದಾಗ ನಾನು ಇದನ್ನು ಬಾಯಿಪಾಠ ಮಾಡಿದೆನು. ಅಧ್ಯಾಪಕನಾದ ಮೇಲೆ ಮಾಡಿಸಿದೆನು. ಮೂರನೆಯದು ಏಕೆ ಅಶ್ಲೀಲವೆಂದು ಹುಡುಗರು ಕೇಳಿದರೆ ನನಗೆ ತೃಪ್ತಿಕರವಾದ ಉತ್ತರ ತೋಚುತ್ತಿರಲಿಲ್ಲ. ಹೋಗನ್‌ನ ಹಾಡಿನ ಕಥೆಯನ್ನು ಓದಿದ ದಿನ ತೋಚಿತು. ಅವನು ನಾಚಿಕೆಯ ಅಶ್ಲೀಲವನ್ನು ಕಳೆದು ಅಮಂಗಳದ ಅಶ್ಲೀಲವನ್ನು ತಂದಿಟ್ಟನು. ಆ ಕಾಲದ ಸಭ್ಯ ಸಮಾಜದ ಮೂಗು ಮೊದಲನೆಯದರ ವಾಸನೆಯನ್ನು ಹಿಡಿಯುತ್ತಿತ್ತು, ಎರಡನೆಯದರ ವಾಸನೆ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಒಂದು ಸಮಾಜದ ಸಭ್ಯತೆಯನ್ನು ಅಳೆಯಬೇಕಾದರೆ ಅದು ಯಾವ ಮಾತಿಗೆ ಕಿವಿ ಮುಚ್ಚಿಕೊಳ್ಳುತ್ತದೆಂಬುದನ್ನಷ್ಟೇ ನೋಡಿದರೆ ಸಾಲದು, ಯಾವ ಮಾತನ್ನು ಮಕ್ಕಳೆದುರಿಗೆ ಹಾಡುತ್ತದೆಂಬುದನ್ನೂ ನೋಡಬೇಕು.

ಹೋಗನ್‌ನ ಪಕ್ಷವಾಗಿ ಹೇಳುವುದೂ ಉಂಟು. ಹಾಡಿನ ವಾಚ್ಯಾರ್ಥವನ್ನು ನೋಡಿದರೆ ಅದು ಪ್ರಣಯಭಂಗದ ಹಾಡು. ಹೆಣ್ಣೊಬ್ಬಳು ಹಣವುಳ್ಳ ಹೊಸ ಪ್ರಿಯನೊಬ್ಬನು ದೊರೆತನೆಂದು ಹಳೆಯವನನ್ನು ಬಿಟ್ಟು, ಅವನು ಬಂದು ಅಂಗಲಾಚಿದರೆ 'ನೀವೆಲ್ಲ ಒಂದೇ, ಹೋಗು' ಎನ್ನುತ್ತಾಳೆ. ಆಡುವವಳೂ ಕಪ್ಪು ಹೆಣ್ಣು, ಕೇಳುವವನೂ ಕಪ್ಪು ಗಂಡು. ತಮ್ಮೊಳಗೆ ಆಡಿಕೊಂಡ ಮಾತು. ಮನೆಯೊಳಗೆ ಅಣ್ಣನು ತಮ್ಮನನ್ನು ಕತ್ತೆಯೆಂದರೆ ಅದು ಪ್ರೀತಿಯೂ ಆಗಬಹುದು.

ಆದರೆ ಹೊತ್ತು ಮುಳುಗಿತೆಂಬ ಒಂದೇ ಮಾತು ಕಳ್ಳನಿಗೊಂದು, ಗೋಪಾಲಕನಿಗೊಂದು, ಸಂಧ್ಯಾವಂದನೆಗೆ ಹೊರಟವನಿಗೊಂದು ಅರ್ಥವನ್ನು ಕೊಡುತ್ತದೆಂದು ನಮ್ಮ ಆಲಂಕಾರಿಕರು ತೋರಿಸಿಕೊಟ್ಟಿಲ್ಲವೆ? ಹೇಳುವವನು, ಕೇಳುವವನು, ಧ್ವನಿಯ ಕೊಂಕು, ಸಂದರ್ಭ, ದೇಶ, ಕಾಲ ಇವುಗಳಿಂದ ಮಾತಿಗೆ ಬೇರೊಂದು ಅರ್ಥವು ಸ್ಫುರಿಸುತ್ತದೆ. ಕಾಲವೆಂತಹುದು? 1896ನೆಯ ವರ್ಷದ ಮೇ ತಿಂಗಳಿನಲ್ಲಿಯೇ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಪ್ಲೆಸ್ಸಿ ಎಂಬಾತನ ವ್ಯಾಜ್ಯದಲ್ಲಿ, ರೈಲುಗಾಡಿಯಲ್ಲಿ ಕಪ್ಪು ಜನರನ್ನು ಬೇರೆ ಡಬ್ಬಿಗಳಲ್ಲಿ ಕೂರಿಸುವುದು ನ್ಯಾಯವೇ ಎಂದು ತೀರ್ಪು ಕೊಟ್ಟಿತ್ತು. ದಕ್ಷಿಣದ ಸಂಸ್ಥಾನಗಳಲ್ಲಿ ವಿಚಾರಣೆಯಿಲ್ಲದೆ ಮರಕ್ಕೆ ನೇತುಹಾಕುವ ಗುಂಪುಗಳಿಗೆ ಅವನೋ ಇವನೋ ಎಂಬ ವಿವೇಚನೆ ಬೇಕಾಗಿರಲಿಲ್ಲ. ಅಂತಹ ದೇಶಕಾಲಗಳಲ್ಲಿ ಬಿಳಿಯ ಬಾಯಿಯಿಂದ ಹೊರಟ ಕೂಡಲೆ ಆ ಪಲ್ಲವಿಯಲ್ಲಿದ್ದ ಪ್ರಣಯವು ಸುಟ್ಟುಹೋಗಿ ಉಳಿದದ್ದು ಶೀರ್ಷಿಕೆಯೊಂದೇ. ಪದಗಳೂ ಬೇಕಾಗಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಕಪ್ಪು ಮನುಷ್ಯನ ಹಿಂದೆ ಆ ಮಟ್ಟನ್ನು ಸಿಳ್ಳೆ ಹಾಕಿದರೆ ಸಾಕಾಗಿತ್ತು. ಸಿಳ್ಳೆಯೇ ಬೈಗುಳವಾಯಿತು, ಅದರಿಂದ ಹೊಡೆದಾಟಗಳಾದುವು. ಶಬ್ದವೇ ಇಲ್ಲದ ಸ್ವರಕ್ಕೆ ಇಷ್ಟು ಕ್ರೂರವಾದ ವ್ಯಂಗ್ಯಾರ್ಥವು ಅಂಟಿಕೊಂಡ ಉದಾಹರಣೆಯನ್ನು ನಾನು ಯಾವ ಲಕ್ಷಣಗ್ರಂಥದಲ್ಲಿಯೂ ಕಂಡಿಲ್ಲ.

1900ನೆಯ ವರ್ಷವೊಂದನ್ನೇ ತೆಗೆದುಕೊಳ್ಳೋಣ. ಜನವರಿಯಲ್ಲಿ ನ್ಯೂಯಾರ್ಕಿನ ಟ್ಯಾಮನಿ ಹಾಲಿನಲ್ಲಿ ರ್‍ಯಾಗ್ ವಾದಕರಿಗೆ ಒಂದು ದೊಡ್ಡ ಸ್ಪರ್ಧೆ ನಡೆಯಿತು. ಕೊನೆಯ ಸುತ್ತಿಗೆ ಬಂದವರು ತಮ್ಮ ಕೌಶಲವನ್ನು ತೋರಿಸಲು ನುಡಿಸಬೇಕಾಗಿದ್ದುದು ಹೋಗನ್‌ನ ಈ ಹಾಡನ್ನೇ. ಆ ಸಮಯದಲ್ಲಿ ಹೋಗನ್ ಸಂಗಡಿಗರೊಡನೆ ಆಸ್ಟ್ರೇಲಿಯಾ ಕಡೆಯ ಸಂಚಾರದಲ್ಲಿದ್ದನು. ಹಿಂದಿರುಗುವಾಗ ಹವಾಯಿ ದ್ವೀಪದ ಹೊನೊಲುಲುವಿನಲ್ಲಿ ಹಡಗಿನವರು ಮೈಬಣ್ಣದ ಕಾರಣದಿಂದ ಅವರನ್ನು ಹತ್ತಿಸಿಕೊಳ್ಳಲಿಲ್ಲ. ಅವನು ಅಲ್ಲಿಯೇ ನ್ಯಾಯಸ್ಥಾನಕ್ಕೆ ಹೋಗಿ ವಾದಿಸಿ ಪರಿಹಾರವನ್ನು ಪಡೆದನು. ಹಾಡಿನಲ್ಲಿ ಏನನ್ನೇ ಬರೆದಿರಲಿ, ಬದುಕಿನಲ್ಲಿ ತಲೆ ಬಾಗಿಸಿಕೊಂಡು ಹೋಗುವ ಮನುಷ್ಯನಲ್ಲವೆಂದು ಇದರಿಂದ ತಿಳಿಯುತ್ತದೆ.

ಅದೇ ವರ್ಷದ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ದೊಂಬಿಯೆದ್ದಿತು. ಕಪ್ಪು ಮನುಷ್ಯನೊಬ್ಬನಿಗೂ ಪೋಲೀಸಿನವನಿಗೂ ಆದ ಜಗಳದಲ್ಲಿ ಪೋಲೀಸಿನವನು ಸತ್ತನು. ಸೇಡು ತೀರಿಸಿಕೊಳ್ಳಲು ಹೊರಟ ಬಿಳಿಯರ ಗುಂಪು ಟ್ರಾಮುಗಳಿಂದ ಕಪ್ಪು ಜನರನ್ನು ಎಳೆದೆಳೆದು ಹೊಡೆಯಿತು. ಆ ಗುಂಪಿನವರು ಕೂಗಿ ಕೇಳುತ್ತಿದ್ದುದು ನಟರ ಹೆಸರುಗಳನ್ನು: ವಿಲಿಯಮ್ಸ್, ವಾಕರ್, ಕೋಲ್, ಜಾನ್ಸನ್, ಹೋಗನ್! ಅವರಿಗೆ ಗೊತ್ತಿದ್ದ ಕಪ್ಪು ಜನರ ಹೆಸರುಗಳೇ ಅವು. ಹೋಗನ್‌ನನ್ನು ಅಟ್ಟಿಸಿಕೊಂಡು ಹೋದರು. ಅವನು ಅಡಗಿಕೊಂಡು ಪ್ರಾಣ ಉಳಿಸಿಕೊಂಡನು. ಎಲ್ಲರೂ ಒಂದೇ ತರಹ ಕಾಣುತ್ತಾರೆಂದು ಅವನ ಹಾಡನ್ನು ಹಾಡಿಕೊಳ್ಳುತ್ತಿದ್ದ ಊರು, ಹೊಡೆಯುವ ಹೊತ್ತಿನಲ್ಲಿ ಅವನನ್ನು ಮಾತ್ರ ಹೆಸರಿಟ್ಟು ಗುರುತಿಸಿತು.

ಈಗ ಮತ್ತೊಂದು ತಟ್ಟೆಯನ್ನು ನೋಡಬೇಕು. ತಕ್ಕಡಿಗೆ ಎರಡು ತಟ್ಟೆಗಳುಂಟಷ್ಟೆ. ಹೋಗನ್‌ನ ಒಡನಾಡಿಯಾಗಿದ್ದ ಟಾಮ್ ಫ್ಲೆಚರ್ ಎಂಬ ನಟನು ತನ್ನ ನೆನಪುಗಳಲ್ಲಿ ಹೋಗನ್ ಕೊಟ್ಟ ಸಮಾಧಾನವನ್ನು ದಾಖಲಿಸಿದ್ದಾನೆ. ಹಾಡಿನಿಂದ ತೊಂದರೆಯಾಯಿತೆಂಬುದನ್ನು ಅವನು ಅಲ್ಲಗಳೆಯಲಿಲ್ಲ. ಆದರೆ ಹಣದ ಮುಗ್ಗಟ್ಟಿನ ಆ ಕಾಲದಲ್ಲಿ, ಎಂದರೆ 1893ರಲ್ಲಿ ಬ್ಯಾಂಕುಗಳು ಮುಳುಗಿ ದೇಶವೆಲ್ಲ ತತ್ತರಿಸಿದ ಬಳಿಕ, ಹೊಸ ಲಯವೊಂದು ಜನರಿಗೆ ಮುಟ್ಟಿತು, ಅನೇಕ ಹಾಡುಗಾರರಿಗೆ ಅನ್ನ ಹುಟ್ಟಿತು ಎಂದು ಅವನ ವಾದ. ಇದನ್ನು ಬರಿಯ ನೆಪವೆಂದು ತಳ್ಳಿಹಾಕಲಾಗದು. 1898ರ ಬೇಸಗೆಯಲ್ಲಿ ನ್ಯೂಯಾರ್ಕಿನ ಕೆಸೀನೋ ರಂಗಮಂದಿರದ ಮಾಳಿಗೆಯ ಮೇಲೆ 'ಕ್ಲೊರಿಂಡಿ' ಎಂಬ ಗೀತರೂಪಕವು ನಡೆದಾಗ ಅದರ ಮುಖ್ಯ ಪಾತ್ರಧಾರಿ ಹೋಗನ್. ಬಿಳಿಯರ ಆ ಪ್ರತಿಷ್ಠಿತ ಸ್ಥಳದಲ್ಲಿ ಕಪ್ಪು ಜನರೇ ರಚಿಸಿ, ಕಪ್ಪು ಜನರೇ ಹಾಡಿ ಕುಣಿದ ಆಟಕ್ಕೆ ಸಭಿಕರು ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರಂತೆ. 1905ರಲ್ಲಿ ಅವನು 'ಮೆಂಫಿಸ್ ವಿದ್ಯಾರ್ಥಿಗಳು' ಎಂಬ ಮೇಳವನ್ನು ಕಟ್ಟಿದನು. ಅವರು ಮೆಂಫಿಸಿನವರೂ ಅಲ್ಲ, ವಿದ್ಯಾರ್ಥಿಗಳೂ ಅಲ್ಲ. ಆದರೆ ವಾದ್ಯಗಳನ್ನು ನುಡಿಸುತ್ತಲೇ ಹಾಡುವ ಆ ಬಗೆಯನ್ನು ನ್ಯೂಯಾರ್ಕ್ ಹಿಂದೆ ಕಂಡಿರಲಿಲ್ಲ. ಮುಂದೆ 'ಜಾಜ್' ಎಂದು ಜಗತ್ತೆಲ್ಲ ಹರಡಿದ ಸಂಗೀತದ ಮುಂಬೆಳಗನ್ನು ಕೆಲವರು ಅಲ್ಲಿ ಕಾಣುತ್ತಾರೆ. ಅನಂತರ 'ರೂಫಸ್ ರಾಸ್ಟಸ್', 'ಆಯ್‌ಸ್ಟರ್ ಮ್ಯಾನ್' ಎಂಬ ನಾಟಕಗಳು. ಎರಡನೆಯದಕ್ಕೆ ಮಾತು ಬರೆದ ಮಿಲ್ಲರ್, ಲೈಲ್ಸ್ ಎಂಬ ತರುಣರಿಬ್ಬರೇ 1921ರಲ್ಲಿ 'ಷಫಲ್ ಅಲಾಂಗ್' ನಾಟಕದಿಂದ ಪ್ರಖ್ಯಾತರಾದರು. ಬಾಗಿಲು ತೆರೆದದ್ದು ನಿಜ. ತೆರೆದ ಕೀಲಿಕೈ ಯಾವುದೆಂಬುದೇ ಕಷ್ಟದ ಮಾತು.

ಆ 'ಕ್ಲೊರಿಂಡಿ'ಗೆ ಸಂಗೀತ ರಚಿಸಿದ ವಿಲ್ ಮೇರಿಯನ್ ಕುಕ್ ಎಂಬಾತನು ಬರ್ಲಿನ್ ನಗರದಲ್ಲಿ ಪಿಟೀಲನ್ನು ಅಭ್ಯಾಸ ಮಾಡಿಬಂದವನು. ಅವನು ಮನೆಯಲ್ಲಿ ಪಿಯಾನೋದ ಮುಂದೆ ಕುಳಿತು ಅದರ ಹಾಡೊಂದನ್ನು ಹೊಂದಿಸುತ್ತಿರುವಾಗ ಅಡಿಗೆಮನೆಯಲ್ಲಿದ್ದ ತಾಯಿಯು ಕೇಳಿ ಕಣ್ಣೀರಿಟ್ಟಳೆಂದು ಅವನೇ ಬರೆದಿದ್ದಾನೆ. ದೇಶಾಂತರಕ್ಕೆ ಕಳುಹಿಸಿ ಓದಿಸಿದ್ದು ಇದಕ್ಕಾಗಿಯೆ ಎಂಬುದು ಆಕೆಯ ದುಃಖ. ಆಕೆ ವಿದ್ಯಾವತಿ. ಮಗನು ಜನರ ಹಾಡನ್ನು ಹಾಡುವುದರಿಂದ ಆಕೆಗೆ ನೋವಾಯಿತೋ, ಜನರನ್ನು ನಗೆಗೀಡು ಮಾಡುವ ಹಾಡನ್ನು ಹಾಡುವುದರಿಂದಲೋ? ನನಗೆ ತೋರುವ ಮಟ್ಟಿಗೆ ಎರಡೂ ಆಕೆಯ ಮನಸ್ಸಿನಲ್ಲಿ ಬೆರೆತಿದ್ದುವು. ಬೇರೆಮಾಡಿ ನೋಡುವಷ್ಟು ಅವಕಾಶವನ್ನು ಆ ಕಾಲವು ಯಾರಿಗೂ ಕೊಟ್ಟಿರಲಿಲ್ಲ.

ಆಪದ್ಧರ್ಮವೆಂದು ಹೋಗನ್‌ನನ್ನು ಕ್ಷಮಿಸಬಹುದೆ? ಶಾಂತಿಪರ್ವದಲ್ಲಿ ವಿಶ್ವಾಮಿತ್ರನು ಕ್ಷಾಮಕಾಲದಲ್ಲಿ ನಾಯಿಯ ಮಾಂಸಕ್ಕೂ ಕೈಹಾಕಿದ ಕಥೆಯಿದೆ. ಪ್ರಾಣವು ಉಳಿದರೆ ಧರ್ಮವನ್ನು ಮತ್ತೆ ಸಾಧಿಸಬಹುದೆಂಬುದು ಅವನ ಯುಕ್ತಿ. ಇದನ್ನು ಹೋಗನ್‌ನಿಗೆ ಅನ್ವಯಿಸಲು ನನಗೂ ಆಸೆಯಿದೆ. ಆದರೆ ವಿಶ್ವಾಮಿತ್ರನು ತನ್ನ ಹೊಟ್ಟೆಗೆ ತಿನ್ನಹೊರಟನೇ ಹೊರತು ಅದನ್ನು ಬೀದಿಯಲ್ಲಿಟ್ಟು ಹತ್ತು ಲಕ್ಷ ಜನಕ್ಕೆ ಮಾರಲಿಲ್ಲ. ಮಾಡಿದವನಿಗೆ ಮಾತ್ರವಲ್ಲ, ಮಾಡಿಸಿದವನಿಗೂ ಅನುಮೋದಿಸಿದವನಿಗೂ ಪಾಪದಲ್ಲಿ ಪಾಲುಂಟೆಂದು ಹಿರಿಯರು ಹೇಳುವುದನ್ನು ನೆನೆದರೆ, ಮುಖಪುಟದ ಮೇಲೆ ಕಪ್ಪು ಜನರ ವಿಕಾರವಾದ ಚಿತ್ರಗಳನ್ನು ಬರೆಸಿ ಮಾರಿದವರಿಗೂ ಕೊಂಡು ಹಾಡಿ ನಕ್ಕವರಿಗೂ ದೊಡ್ಡ ಪಾಲೇ ಸಲ್ಲಬೇಕು. ಅವರಾರೂ ಪಶ್ಚಾತ್ತಾಪಪಟ್ಟ ವಾರ್ತೆಯನ್ನು ನಾನು ಓದಿಲ್ಲ. ಪಾಲು ಹಂಚಿದ ಮಾತ್ರಕ್ಕೆ ಮೊದಲನೆಯವನ ಪಾಲು ಕಡಿಮೆಯಾಗುವುದೆಂದು ಮಾತ್ರ ನನಗೆ ತೋರುವುದಿಲ್ಲ. ಸಭೆಯ ನಗೆಯನ್ನು ಇಷ್ಟು ಚೆನ್ನಾಗಿ ಬಲ್ಲವನು, ಆ ನಗೆ ಹೊರಗಿನ ಬೀದಿಗೆ ಬಂದಾಗ ಏನಾಗುವುದೆಂದು ತುಸುವಾದರೂ ಊಹಿಸಬಲ್ಲವನಾಗಿದ್ದನು.

ಇಷ್ಟು ಬರೆದು ಲೇಖನಿಯನ್ನು ಕೆಳಗಿಟ್ಟೆನು. ಏಕೆಂದರೆ ನ್ಯಾಯಾಧೀಶನ ಪೀಠದಲ್ಲಿ ಕುಳಿತವನ ಕೈ ಶುದ್ಧವಾಗಿರಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಹುಡುಗರಿಗೆ ಪಾಠ ಹೇಳಿದ್ದೇನೆ. ದೃಷ್ಟಾಂತವನ್ನು ತಿಳಿಸುವಾಗ ಒಂದು ಗಾದೆಯನ್ನು ಹೇಳುತ್ತಿದ್ದೆನು. ಅದರಲ್ಲಿ ಒಂದು ಕಸುಬಿನ ಜನರ ಹೆಸರು ಮಂದಬುದ್ಧಿಗೆ ಮಾದರಿಯಾಗಿ ಬರುತ್ತದೆ. ಪ್ರತಿವರ್ಷವೂ ತರಗತಿಯು ನಗುತ್ತಿತ್ತು. ನಗು ಬಂದರೆ ಪಾಠವು ಮನಸ್ಸಿಗೆ ಹತ್ತಿತೆಂದು ನನಗೆ ಸಂತೋಷ. ಒಂದು ವರ್ಷ ಆ ಕಸುಬಿನ ಮನೆಯ ಹುಡುಗನೊಬ್ಬನು ಮುಂದಿನ ಸಾಲಿನಲ್ಲಿದ್ದನು. ಚುರುಕಾದವನು. ಎಲ್ಲರೂ ನಕ್ಕಾಗ ಅವನೂ ನಕ್ಕನು. ಮಾರನೆಯ ದಿನದಿಂದ ಹಿಂದಿನ ಬೆಂಚಿಗೆ ಹೋಗಿ ಕುಳಿತನು. ಏಕೆಂದು ನಾನು ಕೇಳಲಿಲ್ಲ. ತಿಳಿಯದೆ ಕೇಳಲಿಲ್ಲವೆಂದಲ್ಲ. ಗಾದೆಯನ್ನು ನಾನು ಕಟ್ಟಿದವನಲ್ಲ, ಅದು ಜನರ ಬಾಯಲ್ಲಿ ಇದ್ದದ್ದು ಎಂದು ಅಂದು ನನ್ನೊಳಗೆ ಹೇಳಿಕೊಂಡೆನು. ಹೋಗನ್‌ನೂ ಪಲ್ಲವಿಯನ್ನು ಕಟ್ಟಿದವನಲ್ಲ; ಪಾನಗೃಹದಲ್ಲಿ ಕೇಳಿದ್ದು. ಅವನು ಹಸಿವನ್ನು ಮುಂದಿಟ್ಟು ವಾದಿಸಬಹುದಾಗಿತ್ತು. ನನಗೆ ತಿಂಗಳ ಸಂಬಳವಿತ್ತು.

ಹೋಗನ್ 'ಆಯ್‌ಸ್ಟರ್ ಮ್ಯಾನ್' ನಾಟಕದ ಸಂಚಾರದಲ್ಲಿರುವಾಗಲೇ ಕ್ಷಯರೋಗದಿಂದ ಕುಸಿದನು. 1908ರಲ್ಲಿ ಅವನ ಸಹಾಯಾರ್ಥವಾಗಿ ನ್ಯೂಯಾರ್ಕಿನ ಕಪ್ಪು ನಟರೂ ಗಾಯಕರೂ ಒಟ್ಟುಗೂಡಿ ಆಟವಾಡಿ ಹಣ ಕೂಡಿಸಿಕೊಟ್ಟರು. ಆ ಹಾಡಿನ ನೋವನ್ನು ಉಂಡವರು ಅವರೇ. ಅವನ ಔಷಧಕ್ಕೆ ಹಣ ತಂದವರೂ ಅವರೇ. ಮರುವರ್ಷದ ಮೇ ತಿಂಗಳಿನಲ್ಲಿ ಅವನು ತೀರಿಕೊಂಡನು. ನಾಲ್ವತ್ತನಾಲ್ಕರ ಸುಮಾರಿನ ಪ್ರಾಯ. ಆ ಹಾಡನ್ನು ಬರೆದೆನಲ್ಲಾ ಎಂಬ ಕೊರಗಿನಲ್ಲಿಯೇ ಸತ್ತನೆಂದು ಎಡ್ವರ್ಡ್ ಮಾರ್ಕ್ಸ್ ಎಂಬ ಸಂಗೀತ ಪ್ರಕಾಶಕನು 1934ರಲ್ಲಿ ಬರೆದನು. ಫ್ಲೆಚರನ ಮಾತೋ ಅವನು ಸಮಾಧಾನ ಹೇಳಿಕೊಂಡನೆನ್ನುತ್ತದೆ. ಇವೆರಡರಲ್ಲಿ ಯಾವುದು ಸತ್ಯವೆಂದು ವಾದಿಸುವವರಿದ್ದಾರೆ. ಹಗಲಿನಲ್ಲಿ ಸ್ನೇಹಿತರೊಡನೆ ಸಮಾಧಾನ ಹೇಳಿದವನು ರಾತ್ರಿಯಲ್ಲಿ ಒಬ್ಬನೇ ಕೊರಗಬಾರದೆಂದು ನಿಯಮವೇನೂ ಇಲ್ಲವಷ್ಟೆ.

ಅವನ ಓರಗೆಯವರು ಬೇರೆ ದಾರಿಗಳನ್ನು ಹಿಡಿದರು. ಬಾಬ್ ಕೋಲ್ ಮತ್ತು ಜಾನ್ಸನ್ ಸಹೋದರರು ಅಂತಹ ಪದಗಳಿಲ್ಲದ ಹಾಡುಗಳನ್ನು ಬುದ್ಧಿಪೂರ್ವಕವಾಗಿ ರಚಿಸತೊಡಗಿದರು. ಅವರ 'ಬಿದಿರು ಮರದ ಕೆಳಗೆ' ಎಂಬ 1902ರ ಹಾಡು ದೇಶವನ್ನೆಲ್ಲ ಸುತ್ತಿತು. ಅವಮಾನವಿಲ್ಲದೆಯೂ ಅನ್ನ ಹುಟ್ಟಬಹುದೆಂದು ಇದರಿಂದ ತಿಳಿದುಬಂತು. ಆದರೆ ಅದು ತಿಳಿದದ್ದು 1902ರಲ್ಲಿ, 1896ರಲ್ಲಿ ಅಲ್ಲ. ಹೋಗನ್‌ನ ಹಾಡನ್ನು ಜನರು ಬೇಕೆಂದು ಕೂಗುವಾಗ ಬಿಡಲಾಗದೆ ಹಾಡಬೇಕಾಗಿ ಬಂದ ಕಪ್ಪು ಗಾಯಕರಲ್ಲಿ ಕೆಲವರು ಒಂದು ಉಪಾಯ ಮಾಡಿದರು. ಮಟ್ಟು ಅದೇ, ಪಲ್ಲವಿ ಅದೇ. 'ಕೂನರು' ಎಂಬಲ್ಲಿ ಮಾತ್ರ 'ಹುಡುಗರು' ಎಂದು ಹಾಡಿಕೊಂಡರು. ಹಿಂದೊಮ್ಮೆ ಹೋಗನ್ ಪದವನ್ನು ಬದಲಿಸಿದ್ದ ಸ್ಥಾನದಲ್ಲಿಯೇ ಇವರು ಮತ್ತೊಮ್ಮೆ ಬದಲಿಸಿದರು. ಈ ಪದವೂ ನಿರ್ದುಷ್ಟವಾದುದಲ್ಲ. ನರೆತ ಕಪ್ಪು ಮುದುಕನನ್ನೂ ಅಲ್ಲಿಯ ಬಿಳಿಯರು 'ಹುಡುಗಾ' ಎಂದೇ ಕರೆಯುತ್ತಿದ್ದರು. ಆದರೂ ಆ ರಾತ್ರಿಯ ಹಾಡನ್ನು ಹೇಗೋ ಮುಗಿಸಿ ವೇಷ ಕಳಚುವುದಕ್ಕೆ ಅವರಿಗೆ ಅಷ್ಟು ಸಾಕಾಗಿತ್ತು.